ಪೈಪಿನೊಳಗೆ ಮರಳೇಕೆ? ಲೋಹದ ಗುಣಗಳ ಪಾಠಕ್ಕೊಂದು ಚಟುವಟಿಕೆ

ಎಂಟನೇ ತರಗತಿಗೆ ಲೋಹಗಳ ಗುಣಗಳನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಬಹುಮಟ್ಟಿಗೆ ಒಂದೇ ಚಟುವಟಿಕೆ ಇರುತ್ತದೆ. ಅಲ್ಯೂಮಿನಿಯಂ ತಂತಿಯನ್ನು ಬಗ್ಗಿಸಿ ತೋರಿಸುವುದು, ಇದ್ದಿಲನ್ನು ಕುಟ್ಟಿ ಪುಡಿ ಮಾಡುವುದು, ಅನಂತರ ಕುಟ್ಯತೆ, ತನ್ಯತೆಗಳ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು. ಮಕ್ಕಳಿಗೆ ಇದರಲ್ಲಿ ಯೋಚಿಸಬೇಕಾದದ್ದು ಏನೂ ಇಲ್ಲ. ತಂತಿ ಬಾಗುತ್ತದೆಂಬುದು ಅವರಿಗೆ ಮೊದಲೇ ಗೊತ್ತು. ಅದಕ್ಕೆ ಬದಲಾಗಿ ತಂತಿಯ ಜಾಗದಲ್ಲಿ ಪೈಪನ್ನು ಇಟ್ಟರೆ ಪಾಠ ಬೇರೆಯೇ ಆಗುತ್ತದೆ. ಈ ಪಾಠವನ್ನು ಬೋಧನಾಭ್ಯಾಸದ ಅವಧಿಯಲ್ಲಿ ಶಿವಮೊಗ್ಗ ನಗರದ ಒಂದು ಪ್ರೌಢಶಾಲೆಯಲ್ಲಿಯೂ ಭದ್ರಾವತಿಯ ಇನ್ನೊಂದರಲ್ಲಿಯೂ ನಮ್ಮ ಪ್ರಶಿಕ್ಷಣಾರ್ಥಿಗಳಿಂದ ಮಾಡಿಸಿ ವೀಕ್ಷಿಸಿದ್ದೇನೆ. ಅದರ ಕ್ರಮವನ್ನೂ ಅಲ್ಲಿ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಸಮಸ್ಯೆ

ಟೊಳ್ಳಾದ ಪೈಪನ್ನು ಕೈಯಲ್ಲಿ ಬಗ್ಗಿಸಿದರೆ ಬಾಗಿದ ಜಾಗ ಚಪ್ಪಟೆಯಾಗುತ್ತದೆ, ಒಳಮೈ ಸುಕ್ಕುಗಟ್ಟುತ್ತದೆ. ಬಗ್ಗಿಸುವ ಯಂತ್ರವಿಲ್ಲದ ಮನೆಗಳಲ್ಲಿ ಇದಕ್ಕೆ ಹಳೆಯ ಉಪಾಯವೊಂದಿದೆ: ಪೈಪಿನೊಳಗೆ ಒಣ ಮರಳನ್ನು ಗಟ್ಟಿಯಾಗಿ ತುಂಬಿ, ಎರಡೂ ಬಾಯಿಗೆ ಬಿರಡೆ ಬಡಿದು, ದುಂಡಗಿನ ವಸ್ತುವಿನ ಸುತ್ತ ನಿಧಾನವಾಗಿ ಬಗ್ಗಿಸುವುದು. ಮರಳು ತುಂಬಿದರೆ ಪೈಪು ಏಕೆ ಚಪ್ಪಟೆಯಾಗುವುದಿಲ್ಲ? ಪಾಠದ ಏಕೈಕ ಪ್ರಶ್ನೆ ಇದು.

ಸಾಮಗ್ರಿ

ಏಸಿ ರಿಪೇರಿ ಮಾಡುವವರ ಬಳಿ ಉಳಿಯುವ ಅರ್ಧ ಇಂಚಿನ ಮೆದು ತಾಮ್ರದ ಪೈಪು, 60 ಸೆಂ.ಮೀ. ಉದ್ದದ ಎರಡು ತುಂಡು, ಜರಡಿ ಹಿಡಿದು ಬಿಸಿಲಲ್ಲಿ ಒಣಗಿಸಿದ ಮರಳು, ಮರದ ಬಿರಡೆಗಳು, ಸುಮಾರು 14 ಸೆಂ.ಮೀ. ವ್ಯಾಸದ ಅಡಿಕೆ ಮರದ ತುಂಡು. ದಾರ, ಸ್ಕೇಲು, ಸಿರಿಂಜ್, ಕೆಲವು ಸ್ಟ್ರಾಗಳು. ಮಲೆನಾಡಿನ ಶಾಲೆಗೆ ಅಡಿಕೆ ಮರದ ತುಂಡು ತರುವುದು ಕಷ್ಟವಲ್ಲ.

ಪಾಠದ ಹಂತಗಳು

1. ತೊಡಗಿಸುವಿಕೆ. ಪ್ರತಿ ಮಗುವೂ ಒಂದು ಸ್ಟ್ರಾ ಬಗ್ಗಿಸಲಿ. ಎಲ್ಲಿ ಮುರುಟಿತು, ಒಳಬದಿಯಲ್ಲೋ ಹೊರಬದಿಯಲ್ಲೋ ಎಂದು ಕೇಳಬೇಕು. ಉತ್ತರವನ್ನು ಶಿಕ್ಷಕರು ಹೇಳಬಾರದು.

2. ಅನ್ವೇಷಣೆ, ಮೊದಲ ಭಾಗ. ಅಡಿಕೆ ಮರದ ತುಂಡಿಗೆ ದಾರ ಸುತ್ತಿ ಅಳೆದರೆ ಸುಮಾರು 44 ಸೆಂ.ಮೀ. ಬರುತ್ತದೆ. ಅಷ್ಟುದ್ದದ ದಾರದ ತುದಿಗಳನ್ನು ಸೇರಿಸಿ ಚೌಕುಳಿ ಕಾಗದದ ಮೇಲೆ ಬೇರೆ ಬೇರೆ ಆಕೃತಿಗಳಲ್ಲಿ ಇಡಿಸಬೇಕು. ವೃತ್ತವಾದರೆ ತ್ರಿಜ್ಯ 7 ಸೆಂ.ಮೀ., ವಿಸ್ತೀರ್ಣ 154 ಚ.ಸೆಂ.ಮೀ. ಚೌಕವಾದರೆ 11 × 11, ಅಂದರೆ 121. 20 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಆಯತವಾದರೆ ಬರೀ 40. ದಾರ ಅಷ್ಟೇ ಇದೆ, ಒಳಗಿನ ಜಾಗ ಮಾತ್ರ ಕಡಿಮೆಯಾಗುತ್ತಿದೆ. ಒಂದೇ ಸುತ್ತಳತೆಯ ಆಕೃತಿಗಳಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ವೃತ್ತ.

3. ಅನ್ವೇಷಣೆ, ಎರಡನೆಯ ಭಾಗ. ಎರಡೂ ಪೈಪುಗಳಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಸಿರಿಂಜಿನಿಂದ ಅಳೆದು ಬರೆದಿಟ್ಟುಕೊಂಡು, ಪೈಪುಗಳನ್ನು ಚೆನ್ನಾಗಿ ಒಣಗಿಸಬೇಕು. ನಡುಭಾಗದಲ್ಲಿ 12 ಸೆಂ.ಮೀ. ಅಂತರದಲ್ಲಿ ಎರಡು ಬಳೆ ಗುರುತು ಹಾಕಬೇಕು. ಒಂದು ಪೈಪು ಖಾಲಿಯಿರಲಿ. ಇನ್ನೊಂದಕ್ಕೆ ಮರಳು ಹಾಕುತ್ತ, ಸೇರನ್ನು ಕುಲುಕಿ ಅಕ್ಕಿ ತುಂಬುವ ಹಾಗೆ ನೆಲಕ್ಕೆ ಮೆಲ್ಲಗೆ ಕುಟ್ಟುತ್ತ ತುಂಬಿ ಬಿರಡೆ ಹಾಕಬೇಕು. ಅಡಿಕೆ ಮರದ ತುಂಡನ್ನು ಬೆಂಚಿಗೆ ಬಿಗಿದು ಕಟ್ಟಿ, ಪೈಪಿನ ಒಂದು ತುದಿಯನ್ನು ಅದಕ್ಕೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕಾಲು ಸುತ್ತಿನಷ್ಟು ನಿಧಾನವಾಗಿ ಎಳೆಯಬೇಕು. ಕೈಬಿಟ್ಟಾಗ ಪೈಪು ತುಸು ಹಿಂದಕ್ಕೆ ಬರುತ್ತದೆ. ಆದ್ದರಿಂದ ಬೇಕಾದ ಕೋನಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಬೇಕು.

4. ವಿವರಣೆ. ಮರಳು ತುಂಬಿದ ಪೈಪಿನಲ್ಲಿ ಗುರುತುಗಳ ನಡುವಿನ ಅಂತರವನ್ನು ದಾರದಿಂದ ಅಳೆದರೆ ಒಳಮೈಯಲ್ಲಿ ಸುಮಾರು 11, ಹೊರಮೈಯಲ್ಲಿ ಸುಮಾರು 13 ಸೆಂ.ಮೀ. ಸಿಗುತ್ತದೆ. ನಡುಗೆರೆ 12ರಲ್ಲೇ ಉಳಿಯುತ್ತದೆ. ಹೊರಮೈ ಹಿಗ್ಗಿತು, ಒಳಮೈ ಕುಗ್ಗಿತು. ಲೋಹ ಒಡೆಯದೆ ಎರಡನ್ನೂ ತಾಳಿಕೊಂಡಿತು. ಎಳೆತಕ್ಕೆ ಸಿಕ್ಕ ಹೊರಮೈ ಒಳಕ್ಕೆ ಜರುಗಲು ನೋಡುತ್ತದೆ, ಒತ್ತಡಕ್ಕೆ ಸಿಕ್ಕ ಒಳಮೈ ಹೊರಕ್ಕೆ. ಎರಡೂ ನಡುವಿಗೆ ಒತ್ತುವುದರಿಂದ ಖಾಲಿ ಪೈಪು ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ದಾರದ ಆಯತದಂತೆ ಒಳಗಿನ ಜಾಗ ಕಡಿಮೆಯಾಗಬೇಕು. ಆ ಜಾಗವನ್ನು ಮರಳು ಆಗಲೇ ಹಿಡಿದುಕೊಂಡಿದೆ. ಬಿರಡೆ ಇರುವುದರಿಂದ ಅದು ಹೊರಗೂ ಹೋಗದು. ಹೀಗಾಗಿ ಪೈಪು ದುಂಡಗೇ ಉಳಿಯುತ್ತದೆ. ಮರಳನ್ನು ತೆಗೆದು ಎರಡೂ ಪೈಪುಗಳಿಗೆ ಮತ್ತೆ ನೀರು ತುಂಬಿಸಿ ಅಳೆದರೆ, ಖಾಲಿಯಾಗಿ ಬಗ್ಗಿಸಿದ್ದರಲ್ಲಿ ಮೊದಲಿಗಿಂತ ಕಡಿಮೆ ನೀರು ಹಿಡಿಯುತ್ತದೆ. ಗಣಿತದ ತರಗತಿಯಲ್ಲಿ ಕಲಿತದ್ದು ವಿಜ್ಞಾನದ ತರಗತಿಯಲ್ಲಿ ಕೈಗೆ ಸಿಗುವುದು ಇಲ್ಲಿ.

ಎರಡು ಶಾಲೆಗಳು, ಎರಡು ಪ್ರಶ್ನೆಗಳು

ಶಿವಮೊಗ್ಗದ ಶಾಲೆಯಲ್ಲಿ ವೈರಿಂಗ್ ಕೆಲಸದವರ ಮಗನೊಬ್ಬ, "ನಮ್ಮಪ್ಪ ಮರಳು ಹಾಕಲ್ಲ ಸರ್, ಪಿವಿಸಿ ಪೈಪಿಗೆ ಸ್ಪ್ರಿಂಗ್ ತೂರಿಸಿ ಬಗ್ಗಿಸ್ತಾರೆ" ಎಂದ. ಪ್ರಶಿಕ್ಷಣಾರ್ಥಿ ಅದನ್ನೇ ತರಗತಿಯ ಮುಂದಿಟ್ಟರು: ಸ್ಪ್ರಿಂಗ್ ಮಾಡುವುದೂ ಮರಳಿನ ಕೆಲಸವನ್ನೇ? ಗೋಡೆ ಒಳಕ್ಕೆ ಕುಸಿಯದಂತೆ ತಡೆಯುವುದೇ ಎರಡರ ಕೆಲಸ ಎಂದು ಮಕ್ಕಳೇ ಹೇಳಿದರು.

ಭದ್ರಾವತಿಯಲ್ಲಿ ಬಂದ ಮಾತು ಇದಕ್ಕಿಂತ ಗಟ್ಟಿಯಾದದ್ದು. "ಎರಕದ ಪೈಪಿಗೆ ಮರಳು ತುಂಬಿದ್ರೂ ಬಗ್ಗಲ್ಲ ಮೇಡಂ, ಒಡೆಯುತ್ತೆ. ನಮ್ಮಜ್ಜ ಫ್ಯಾಕ್ಟ್ರಿಲಿದ್ರು, ಅವರೇ ಹೇಳಿದ್ದು" ಎಂದಳು ಒಬ್ಬ ಹುಡುಗಿ. ಪಠ್ಯದ ವಾಕ್ಯಕ್ಕೆ ಇದು ನೇರ ಸವಾಲು. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, "ಲೋಹಗಳು ಬಾಗುತ್ತವೆ", "ಎರಕದ ಕಬ್ಬಿಣ ಬಾಗದು" ಎಂಬ ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರು. ಆ ದಿನದ ಪಾಠದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಇದನ್ನು.

ಹುಡುಗಿಯ ಅಜ್ಜ ಹೇಳಿದ್ದು ಸರಿಯೇ. ವಿಶ್ವೇಶ್ವರಯ್ಯನವರು ಯೋಜಿಸಿದ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿದ್ದರು. ಎರಕದ ಪೈಪುಗಳನ್ನೂ ತಯಾರಿಸುತ್ತಿದ್ದರು. ಎರಕದ ಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಶೇ. 2ಕ್ಕಿಂತ ಹೆಚ್ಚು, ಬಗ್ಗುವ ಮೆದು ಉಕ್ಕಿನಲ್ಲಿ ಶೇ. 0.25ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹೆಚ್ಚಿನ ಇಂಗಾಲ ಕಬ್ಬಿಣವನ್ನು ಭಿದುರವಾಗಿಸುತ್ತದೆ, ಅಂದರೆ ಬಾಗುವ ಮೊದಲೇ ಒಡೆಯುವಂತೆ ಮಾಡುತ್ತದೆ. ಆದ್ದರಿಂದ ಎರಕದ ಪೈಪಿನ ತಿರುವನ್ನು ಅಚ್ಚಿನಲ್ಲೇ ಹೊಯ್ಯಬೇಕು. ಕುಟ್ಯತೆ ಲೋಹದ ಸಾಮಾನ್ಯ ಗುಣ ನಿಜ. ಆದರೆ ಅದರಲ್ಲಿ ಏನು ಬೆರೆತಿದೆ ಎಂಬುದರ ಮೇಲೆ ಆ ಗುಣ ಬದಲಾಗುತ್ತದೆ. ಅಜ್ಜನ ಮಾತು ಪಠ್ಯದ ವಾಕ್ಯವನ್ನು ಸುಳ್ಳು ಮಾಡಲಿಲ್ಲ, ಇನ್ನಷ್ಟು ನಿಖರಗೊಳಿಸಿತು.

2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಭದ್ರಾವತಿಯ ಕಾರ್ಮಿಕರು ಬೀದಿಗಿಳಿದದ್ದು ನಮಗೆಲ್ಲ ನೆನಪಿದೆ. ಕೆಲಸದ ಜೊತೆಗೆ ಮನೆಗಳಲ್ಲಿರುವ ಇಂಥ ತಿಳಿವಳಿಕೆಯೂ ಹೋಗುತ್ತದೆ. "ಇದು ಪಠ್ಯದಲ್ಲಿಲ್ಲ" ಎಂದು ಶಿಕ್ಷಕರು ಒಮ್ಮೆ ಹೇಳಿದರೆ ಸಾಕು, ಆ ಮಗು ಮನೆಯ ಮಾತನ್ನು ಮತ್ತೆ ತರಗತಿಗೆ ತರುವುದಿಲ್ಲ.

ಎಚ್ಚರಿಕೆ

ಈ ಚಟುವಟಿಕೆಯಲ್ಲಿ ಬೆಂಕಿ ಬಳಸಲೇಬಾರದು. ಮನೆಯಲ್ಲಿ ಪೈಪು ಕಾಯಿಸಿ ಬಗ್ಗಿಸುವುದುಂಟು. ಆದರೆ ಮರಳಿನಲ್ಲಿ ತೇವವಿದ್ದರೆ ಅದು ಹಬೆಯಾಗಿ ಹಿಗ್ಗಿ ಬಿರಡೆಯನ್ನು ಗುಂಡಿನಂತೆ ಚಿಮ್ಮಿಸುತ್ತದೆ, ಪೈಪೂ ಸಿಡಿಯಬಹುದು. ಸತುವಿನ ಲೇಪವಿರುವ ಜಿಐ ಪೈಪನ್ನು ಕಾಯಿಸಿದರೆ ಏಳುವ ಹೊಗೆಯನ್ನು ಉಸಿರಾಡಿದವರಿಗೆ ಜ್ವರ ಬರುತ್ತದೆ. ಇದನ್ನು ಮಕ್ಕಳಿಗೆ ಕಾರಣ ಸಹಿತ ಹೇಳಬೇಕು. ಮನೆಗೆ ಹೋಗಿ ಪ್ರಯತ್ನಿಸುವವರು ಇದ್ದೇ ಇರುತ್ತಾರೆ. ಕತ್ತರಿಸಿದ ಪೈಪಿನ ಅಂಚನ್ನು ಮೊದಲೇ ಅರದಿಂದ ಉಜ್ಜಿ ನಯಗೊಳಿಸಿರಬೇಕು.

ಮೌಲ್ಯಮಾಪನ

ವ್ಯಾಖ್ಯೆ ಕೇಳುವ ಬದಲು ಈ ಪ್ರಶ್ನೆಗಳನ್ನು ಕೇಳಬಹುದು:

1. ಮರಳಿನ ಬದಲು ಹತ್ತಿ ತುಂಬಿದರೆ ಏನಾಗುತ್ತದೆ? ಏಕೆ?
2. ಒಂದು ಬಿರಡೆ ಸಡಿಲವಾಗಿದ್ದರೆ?
3. ಅಡಿಕೆ ಮರದ ಬದಲು ಕಡಿಮೆ ವ್ಯಾಸದ ಬಿದಿರಿನ ಸುತ್ತ ಬಗ್ಗಿಸಿದರೆ ಹೊರಮೈ ಹೆಚ್ಚು ಹಿಗ್ಗಬೇಕೇ, ಕಡಿಮೆಯೇ?
4. ನಿಮ್ಮ ಮನೆಯಲ್ಲಿ ಬಾಗುವ ಒಂದು ಲೋಹದ ವಸ್ತುವನ್ನೂ, ಒಡೆಯುವ ಒಂದನ್ನೂ ಗುರುತಿಸಿ. ಅದನ್ನು ನಿಮಗೆ ಯಾರು ಹೇಳಿದರು?

ಪಾಠ ವೀಕ್ಷಿಸುವ ಅಧ್ಯಾಪಕರು ನಾಲ್ಕನೆಯ ಪ್ರಶ್ನೆಯ ಕೊನೆಯ ಭಾಗವನ್ನು ಬಿಡಿಸಬಾರದೆಂದು ನನ್ನ ಕೋರಿಕೆ. ಮುಂದಿನ ಪಾಠಕ್ಕೆ ಬೇಕಾದ ಸಾಮಗ್ರಿ ಅದರ ಉತ್ತರಗಳಲ್ಲೇ ಸಿಗುತ್ತದೆ.