ಸಂದಣಿಗೆ ತೆರುವ ಸುಂಕ

ಇಂಡಿಯ ಸೀಮೆಯಲ್ಲಿ ಹುಟ್ಟಿ, ಭೀಮೆಯ ನೀರನ್ನೂ ನಿಂಬೆಯ ತೋಟಗಳನ್ನೂ ನೋಡುತ್ತ ಬೆಳೆದ ನನ್ನಂಥವರಿಗೆ ಸಮುದ್ರವೆಂಬುದು ಬಹುಕಾಲ ಭೂಗೋಳದ ಪುಸ್ತಕದೊಳಗಿನ ವಸ್ತುವಾಗಿತ್ತು. ಅದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಮನೆಯಲ್ಲಿ ತಲೆಯೆತ್ತಿದಾಗಲೆಲ್ಲ, ‘ಭಾಳ ಖರ್ಚ ಆಗತೈತಿ’ ಎಂಬ ಹಿರಿಯರ ಒಂದೇ ಮಾತು ಅದನ್ನು ಅಡಗಿಸುತ್ತಿತ್ತು. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ಪ್ರವಾಸದ ವೆಚ್ಚವನ್ನು ಬೆಳೆಸುವುದು ದೂರಕ್ಕಿಂತ ಹೆಚ್ಚಾಗಿ ಸಂದಣಿ. ಅದೇ ದಿನ ಅದೇ ತೀರಕ್ಕೆ ಬಂದೇ ತೀರುವೆವೆಂದು ಹಟ ತೊಟ್ಟವರೊಡನೆ ನಡೆಸುವ ಪೈಪೋಟಿಗೆ ನಮ್ಮ ಹಣದ ಬಹುಭಾಗ ಸಲ್ಲುತ್ತದೆ ಎಂಬುದು ಅನುಭವದಿಂದ ನನಗೆ ಸಿದ್ಧವಾದ ಅಭಿಪ್ರಾಯ.

ಗ್ರೀಸ್ ದೇಶದ ಸ್ಯಾಂಟೊರಿನಿ, ಮಿಕೊನೊಸ್ ದ್ವೀಪಗಳಲ್ಲಿ ಈ ಪೈಪೋಟಿ ಪರಾಕಾಷ್ಠೆಯನ್ನು ಮುಟ್ಟಿದ್ದು, 2025ರ ಜುಲೈಯಿಂದ ವಿಹಾರನೌಕೆಯಲ್ಲಿ ಬಂದಿಳಿಯುವ ಪ್ರವಾಸಿಯು ಬೇಸಿಗೆಯ ದಟ್ಟಣೆಯ ತಿಂಗಳುಗಳಲ್ಲಿ ತಲೆಗೆ 20 ಯೂರೊ, ಎಂದರೆ ಸುಮಾರು 2000 ರೂಪಾಯಿ, ಸುಂಕ ತೆರಬೇಕಾಗಿದೆ. ಆದಕಾರಣ ಬಲ್ಲವರು ಆ ದ್ವೀಪಗಳನ್ನು ಬಿಟ್ಟು, ಬೆಸ್ತರು ಬಲೆ ಒಣಗಿಸುವ ಸಣ್ಣ ಊರುಗಳನ್ನು ಅರಸುತ್ತಾರೆ. ಈ ವಿವೇಕ ನಮಗೂ ಸಲ್ಲುತ್ತದೆ. ಗೋಕರ್ಣದ ಓಂ, ಕುಡ್ಲೆ ತೀರಗಳಲ್ಲಿ ಡಿಸೆಂಬರಿನ ಕೊನೆಯ ವಾರ ಕೋಣೆಗಳ ಬಾಡಿಗೆ ಹೇಗೆ ಏರುತ್ತದೆಂಬುದನ್ನು ವಿಚಾರಿಸಿದವರೇ ಬಲ್ಲರು. ಗಂಗಾವಳಿಯನ್ನು ದಾಟಿದರೆ ಅದೇ ಅರಬ್ಬೀ ಸಮುದ್ರ ಅಂಕೋಲೆಯ ನದಿಭಾಗ, ಹೊನ್ನೆಬೈಲುಗಳಲ್ಲಿ ಅಷ್ಟೇ ಉದಾರವಾಗಿ ಹರಡಿಕೊಂಡಿದೆ.

ಅಂಕೋಲೆಗೂ ನಮಗೂ ಇರುವ ಸಂಬಂಧ ಸ್ವಾರಸ್ಯಕರವಾದುದು. ಸೊಲ್ಲಾಪುರದಿಂದ ಬಂದು ನಮ್ಮ ಝಳಕಿ, ಹೊರ್ತಿಗಳನ್ನು ಹಾಯ್ದು, ವಿಜಯಪುರವನ್ನು ಕಳೆದು, ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅರಬೈಲ್ ಘಟ್ಟವನ್ನಿಳಿಯುವ 52ನೆಯ ರಾಷ್ಟ್ರೀಯ ಹೆದ್ದಾರಿ ಮುಗಿಯುವುದು ಅಲ್ಲಿಯೇ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ತಾಯಿಯೂ ಹೆಂಡತಿಯೂ ಆಧಾರ್ ಚೀಟಿ ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ ಈ ದಾರಿಯನ್ನು ಕ್ರಮಿಸುತ್ತಾರೆ. ನನ್ನ ಮತ್ತು ಮಗನ ಟಿಕೆಟ್ಟಿಗೆ ಮಾತ್ರ ಹಣ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗಷ್ಟೇ ಈ ಸೌಲಭ್ಯ, ರಾಜಹಂಸ, ಸ್ಲೀಪರುಗಳಿಗಿಲ್ಲ.

ವಸತಿಗೆ ಮನೆಯೊಂದರ ಬದಿಯ ಕೋಣೆ ಸಾಕು. ಬಾಡಿಗೆಯೊಡನೆ ಊಟದ ಲೆಕ್ಕವನ್ನೂ ಗಂಟು ಇಳಿಸುವ ಮೊದಲೇ ಮಾತಾಡಿಕೊಳ್ಳುವುದು ಉತ್ತಮ. ನಮ್ಮ ಬುತ್ತಿಯ ಕಟಿ ರೊಟ್ಟಿ, ಶೇಂಗಾ ಚಟ್ನಿಗಳು ವಾರವಿಡೀ ಕೆಡುವುದಿಲ್ಲವಾದ್ದರಿಂದ ಒಪ್ಪತ್ತಿನ ಊಟದ ಖರ್ಚು ತಪ್ಪುತ್ತದೆ. ಅಂಕೋಲೆಯ ಪೇಟೆಯಲ್ಲಿ, ಕೊರಳ ತುಂಬ ಕರಿಮಣಿಯ ಸರಗಳನ್ನು ಹೊರೆಯಾಗಿ ಧರಿಸಿ ಬುಟ್ಟಿಯ ಮುಂದೆ ಕುಳಿತ ಹಾಲಕ್ಕಿ ಒಕ್ಕಲಿಗ ಹೆಂಗಸರಲ್ಲಿ ಬಸಳೆ ಸೊಪ್ಪು ಕೊಳ್ಳುವಾಗ ನನ್ನ ಹೆಂಡತಿ ಚೌಕಾಸಿ ಮಾಡುವುದಿಲ್ಲ. ಬೆಳೆದ ಕೈಗೇ ನೇರವಾಗಿ ಸಲ್ಲುವ ಹಣದಲ್ಲಿ ಉಳಿತಾಯ ಹುಡುಕಬಾರದೆಂಬುದು ನಿಂಬೆ ಬೆಳೆಗಾರರ ಮನೆಯಿಂದ ಬಂದ ಆಕೆಯ ನಿಯಮ.

ಪ್ರಶಾಂತ ಸ್ಥಳಗಳಿಗೆ ಅವುಗಳದೇ ಆದ ಖರ್ಚುಗಳುಂಟು. ಕೊನೆಯ ಬಸ್ಸು ತಪ್ಪಿದರೆ ಆಟೋದವನು ಖಾಲಿ ಮರಳುವ ಬಾಡಿಗೆಯನ್ನೂ ಸೇರಿಸಿಯೇ ಕೇಳುವನು. ಆದ್ದರಿಂದ ಬಸ್ಸಿನ ವೇಳೆಯನ್ನು ತಿಳಿದಿರಬೇಕು, ನಗದನ್ನು ಒಯ್ಯಬೇಕು, ಕಾವಲುಗಾರರಿಲ್ಲದ ನೀರಿನಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು.

ಹಣವನ್ನು ಕೂಡಿಸುವ ಬಗೆಯೂ ಕಠಿಣವಲ್ಲ. ಅಂಚೆಯ ಆವರ್ತ ಠೇವಣಿಗೆ ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು; ಬೇಸಿಗೆಯಲ್ಲಿ ನಿಂಬೆಗೆ ಬೆಲೆ ಬಂದಾಗ ವರ್ಷದ ಕಂತನ್ನು ಮುಂಗಡವಾಗಿ ಕಟ್ಟಿದರೆ ರಿಯಾಯಿತಿಯೂ ದೊರೆಯುತ್ತದೆ. ಅವಧಿ ಐದು ವರ್ಷ. ವರ್ಷಕ್ಕೊಂದರಂತೆ ತೆರೆದವರಿಗೆ ಮೊದಲನೆಯದು ಮುಗಿದ ಮೇಲೆ ವರ್ಷ ವರ್ಷವೂ ಒಂದು ಖಾತೆ ಕೈಗೆ ಬರುತ್ತದೆ. ಹೋದ ಮೇಲೆ ಊರೂರು ಸುತ್ತದೆ ಒಂದೇ ಕಡೆ ನಿಲ್ಲಬೇಕು. ಹೋಗಿಬರುವ ವೆಚ್ಚ ಎರಡು ದಿನಕ್ಕೂ ಅಷ್ಟೇ, ಆರು ದಿನಕ್ಕೂ ಅಷ್ಟೇ ಆದುದರಿಂದ, ಸಂದಣಿಗೆ ಸಲ್ಲಿಸದೆ ಉಳಿಸಿದ ಹಣವನ್ನು ಇನ್ನೊಂದೆರಡು ದಿನ ತಂಗುವುದಕ್ಕೆ ವಿನಿಯೋಗಿಸಿದವನ ದಿನದ ಖರ್ಚು ತಾನಾಗಿಯೇ ಇಳಿಯುತ್ತದೆ.