ಹೆಲಿಕಾಪ್ಟರ್ ಮಾತು ಕೇಳದಿದ್ದಾಗ

ಈ ಸಲದ ಈದ್‌ಗೆ ಸಿಕ್ಕ ಈದಿಯನ್ನೆಲ್ಲ ಕೂಡಿಸಿ ನನ್ನ ತಮ್ಮ ಒಂದು ರಿಮೋಟ್ ಹೆಲಿಕಾಪ್ಟರ್ ಕೊಂಡ. ಹತ್ತು ದಿನ ಚೆನ್ನಾಗಿ ಹಾರಿತು. ಹನ್ನೊಂದನೇ ದಿನ ಏನು ಒತ್ತಿದರೂ ಅಲುಗಾಡಲಿಲ್ಲ. "ನೀನೇ ಬೀಳಿಸಿ ಕೆಡಿಸಿದ್ದೀಯ" ಎಂದು ಬೈದೆ. "ಇಲ್ಲ ಭಾಯಿ, ನಾನೇನೂ ಮಾಡಿಲ್ಲ" ಎಂದು ಅಳುತ್ತಾ ಅಮ್ಮಿಯ ಹತ್ತಿರ ಹೋದ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಪುಸ್ತಕ ಹರಿಯುವುದಿಲ್ಲ, ಒಂದೊಂದೇ ನಮೂದು ಪರಿಶೀಲಿಸುತ್ತೇವೆ. ಇಲ್ಲಿಯೂ ಅದೇ ಕ್ರಮ. ಮೊದಲ ಪ್ರಶ್ನೆ: ರಿಮೋಟ್‌ನ ಸಂಕೇತ ತಲುಪುತ್ತಿಲ್ಲವೋ, ತಲುಪಿದರೂ ಮೋಟಾರ್ ತಿರುಗುತ್ತಿಲ್ಲವೋ?

1. ಬ್ಯಾಟರಿ: ಒಳಗಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 3.7 ವೋಲ್ಟ್‌ನದು, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಉಬ್ಬಿದ ಬ್ಯಾಟರಿಯನ್ನು ಎಂದಿಗೂ ಚಾರ್ಜ್ ಮಾಡಬೇಡಿ, ಬೆಂಕಿ ಹತ್ತಬಹುದು.

2. ಆರಂಭದ ಕ್ರಮ: ಹೆಲಿಕಾಪ್ಟರನ್ನು ಸಮತಟ್ಟಾದ ಜಾಗದಲ್ಲಿಡಿ. ಎತ್ತರದ ಕಡ್ಡಿಯನ್ನು ಪೂರ್ತಿ ಕೆಳಗಿಳಿಸಿ ಸ್ವಿಚ್ ಹಾಕಿ. ಕಡ್ಡಿ ಮೇಲಿದ್ದರೆ ಸುರಕ್ಷತೆಗಾಗಿ ಅನೇಕ ಹೆಲಿಕಾಪ್ಟರ್‌ಗಳು ಸಂಪರ್ಕವನ್ನೇ ಒಪ್ಪುವುದಿಲ್ಲ.

3. ಚಾನೆಲ್: ರಿಮೋಟ್‌ನಲ್ಲಿ ಎ, ಬಿ, ಸಿ ಇದ್ದರೆ ಚಾನೆಲ್ ಬದಲಿಸಿ, ಎರಡನ್ನೂ ಆರಿಸಿ ಮತ್ತೆ ಹಾಕಿ.

4. ಬಿಸಿಲು: ಅಗ್ಗದ ಆಟಿಕೆಗಳಲ್ಲಿ ಬಹಳಷ್ಟು ಟಿವಿ ರಿಮೋಟ್‌ನಂತೆ ಇನ್‌ಫ್ರಾರೆಡ್ ಬೆಳಕಿನಿಂದ ನಡೆಯುತ್ತವೆ. ಬಿಸಿಲಿನಲ್ಲೂ ಅದೇ ಬೆಳಕು ಇರುವುದರಿಂದ ಮಾಳಿಗೆಯ ಮೇಲೆ ಅವು ಕುರುಡಾಗುತ್ತವೆ. ಕೋಣೆಯೊಳಗೆ ಹಾರಿಸಿ. 2.4 ಗಿಗಾಹರ್ಟ್ಸ್ ರೇಡಿಯೋದವಕ್ಕೆ ಈ ತೊಂದರೆ ಇಲ್ಲ.

5. ರಿಮೋಟ್: ಮೊಬೈಲ್‌ನ ಮುಂಭಾಗದ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ರಿಮೋಟ್‌ನ ತುದಿ ನೋಡಿ. ಕಣ್ಣಿಗೆ ಕಾಣದ ಬೆಳಕು ಅಲ್ಲಿ ಸಾಮಾನ್ಯವಾಗಿ ಮಿನುಗುವುದು ಕಾಣುತ್ತದೆ.

6. ಮೋಟಾರ್: ಸ್ವಿಚ್ ಆರಿಸಿದ ಮೇಲೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ಕೂದಲೋ ದಾರವೋ ಸುತ್ತಿಕೊಂಡಿರಬಹುದು.

ದೂರದಿಂದ ಹಾರಿಸುವ ಕೆಲಸ ದೊಡ್ಡವರಿಗೂ ಸುಲಭವಲ್ಲ. ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಹಾರಿದ ತಪಸ್ ವಿಮಾನದ ನಿಯಂತ್ರಣವನ್ನು 2023ರ ಜೂನ್ 16ರಂದು ಕಾರವಾರದಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರ ಹಡಗು ವಹಿಸಿಕೊಂಡಿತ್ತು. ಅದೇ ವರ್ಷ ಆಗಸ್ಟ್ 20ರಂದು ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಪ್ರಾಣಹಾನಿ ಆಗಲಿಲ್ಲ. ವಿಜ್ಞಾನಿಗಳೂ ಬಿದ್ದದ್ದನ್ನು ಬಿಡಿಬಿಡಿಯಾಗಿ ನೋಡಿ ಕಾರಣ ಹುಡುಕುತ್ತಾರೆ.

ನಮ್ಮ ಮನೆಯ ತಪ್ಪು ಸಿಕ್ಕಿದ್ದು ಐದನೇ ಹಂತದಲ್ಲಿ. ಕ್ಯಾಮೆರಾದಲ್ಲಿ ಬೆಳಕೇ ಕಾಣಲಿಲ್ಲ. ಮುಚ್ಚಳ ತೆಗೆದಾಗ ನೆನಪಾಯಿತು: ಹಿಂದಿನ ವಾರ ಗೋಡೆ ಗಡಿಯಾರ ನಿಂತಾಗ ರಿಮೋಟ್‌ನ ಹೊಸ ಸೆಲ್ ತೆಗೆದು ಅದಕ್ಕೆ ಹಾಕಿ, ಗಡಿಯಾರದ ಹಳೆಯ ಸೆಲ್ಲನ್ನು ಇಲ್ಲಿಟ್ಟವನು ನಾನೇ!

ಹೊಸ ಸೆಲ್ ತಂದು ಹಾಕಿದೆ. ಹೆಲಿಕಾಪ್ಟರ್ ಎದ್ದಿತು. ತಮ್ಮನಿಗೆ "ಮಾಫ್ ಕರ್" ಎಂದೆ. ಅವನು ನಕ್ಕು ರಿಮೋಟನ್ನು ನನ್ನ ಕೈಗೇ ಕೊಟ್ಟ. ಗೆಳೆಯರೇ, ಲೆಕ್ಕ ನೋಡುವ ಮೊದಲೇ ಯಾರ ಖಾತೆಗೂ ತಪ್ಪನ್ನು ಬರೆಯಬೇಡಿ.