ಸಾಲ ತೀರಿದ ದಿನ: ಕುಟುಂಬದ ಸಾಧನೆ ಮತ್ತು ಗ್ರಾಮ ಪಂಚಾಯತಿ ಸದಸ್ಯರ ಪಾತ್ರ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಊರೆಲ್ಲ ಸೇರುತ್ತದೆ. ಇವುಗಳಲ್ಲಿ ಅನೇಕವು ಸಾಲದ ಹಣದಿಂದಲೇ ನಡೆಯುತ್ತವೆ ಎಂಬುದು ಸದಸ್ಯರಿಗೆ ತಿಳಿಯದ ಸಂಗತಿಯಲ್ಲ. ಆದರೆ ಆ ಸಾಲವನ್ನು ಮೂರು ನಾಲ್ಕು ವರ್ಷ ದುಡಿದು ತೀರಿಸಿದ ದಿನ ನೆರೆಮನೆಯವರಿಗೂ ಗೊತ್ತಾಗುವುದಿಲ್ಲ. ಕೊನೆಯ ಕಂತಿನ ರಸೀದಿ ಟ್ರಂಕಿನ ಅಡಿಗೆ ಸೇರುತ್ತದೆ. ಕೆಲವೊಮ್ಮೆ ಅದೇ ವಾರ ಸಾಲ ಕೊಟ್ಟವರ ಪ್ರತಿನಿಧಿಯೇ ಮನೆಗೆ ಬಂದು, ಹಿಂದಿನದಕ್ಕಿಂತ ದೊಡ್ಡ ಮೊತ್ತ ಮಂಜೂರಾಗಿದೆ ಎಂದು ತಿಳಿಸುತ್ತಾರೆ. ಋಣಮುಕ್ತಿಯನ್ನು ಗುರುತಿಸುವವರು ಯಾರೂ ಇಲ್ಲದ ಕಡೆ ಹೊಸ ಸಾಲವೇ ಅದರ ಬಹುಮಾನವಾಗುತ್ತದೆ.

ಸಾಲ ತೀರಿಸುವುದು ಕುಟುಂಬದ ಸ್ವಂತ ವಿಷಯ, ಅದರಲ್ಲಿ ಪಂಚಾಯತಿಗೇನು ಕೆಲಸ ಎಂಬ ಪ್ರಶ್ನೆ ಸಹಜ. ಸಾಲ ಯಾರದು, ಎಷ್ಟು ಎಂದು ವಿಚಾರಿಸುವುದು ಖಂಡಿತವಾಗಿಯೂ ಪಂಚಾಯತಿಯ ಕೆಲಸವಲ್ಲ. ಆದರೆ ತೀರಿದ ಸಾಲವು ದಾಖಲೆಯಲ್ಲೂ ತೀರುವಂತೆ ನೆರವಾಗುವುದು, ಆ ಸಾಧನೆಯನ್ನು ಸಂಘದ ಸಭೆಯಲ್ಲಿ ಗೌರವದಿಂದ ಗುರುತಿಸಲು ಉತ್ತೇಜನ ನೀಡುವುದು ಸದಸ್ಯರ ಕೈಯಲ್ಲಿರುವ ಕಾರ್ಯಗಳು.

ಮೊದಲು ಲೆಕ್ಕವನ್ನು ನೋಡುವುದು ಒಳಿತು. ಉದಾಹರಣೆಗೆ, ಒಂದು ಕುಟುಂಬವು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 30,000 ರೂಪಾಯಿ ಕೈಸಾಲ ಪಡೆದಿದೆ ಎಂದಿಟ್ಟುಕೊಳ್ಳೋಣ. ತಿಂಗಳ ಬಡ್ಡಿ 900 ರೂಪಾಯಿ. ‘ಮೂರು ರೂಪಾಯಿ ಬಡ್ಡಿ’ ಎಂಬ ಮಾತು ಕಿವಿಗೆ ಹಗುರವಾಗಿ ಕೇಳಿಸಿದರೂ ಅದು ವರ್ಷಕ್ಕೆ ಶೇಕಡಾ 36. ಬಡ್ಡಿಯನ್ನು ಮಾತ್ರ ಕಟ್ಟುತ್ತ ಹೋದರೆ ಮೂರು ವರ್ಷಗಳಲ್ಲಿ 32,400 ರೂಪಾಯಿ ಕೈಬಿಟ್ಟಿರುತ್ತದೆ. ಅಸಲು 30,000 ಹಾಗೆಯೇ ನಿಂತಿರುತ್ತದೆ. ಇದರ ಬದಲು ಪ್ರತಿ ತಿಂಗಳು 1,900 ರೂಪಾಯಿ ಕಟ್ಟಿ, ಬಡ್ಡಿ ಕಳೆದು ಉಳಿದದ್ದನ್ನು ಅಸಲಿಗೆ ಜಮೆ ಮಾಡಿಸಿಕೊಂಡರೆ 22ನೇ ತಿಂಗಳಿಗೆ ಸಾಲವೇ ಇರುವುದಿಲ್ಲ.

ಆದರೆ ಕೈಸಾಲ ಕೊಟ್ಟವರಲ್ಲಿ ಹಲವರು ಅಸಲನ್ನು ಬಿಡಿಬಿಡಿಯಾಗಿ ಪಡೆಯಲು ಒಪ್ಪುವುದಿಲ್ಲ. ತಂದರೆ ಒಟ್ಟಿಗೆ ತರಬೇಕು ಎನ್ನುತ್ತಾರೆ. ಬಡವರು ಬಡ್ಡಿಯಲ್ಲೇ ಸಿಲುಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಸ್ವಸಹಾಯ ಸಂಘದ ಆಂತರಿಕ ಸಾಲ ಇಂತಹ ಸಂದರ್ಭದಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಂಘದಿಂದ ನೂರಕ್ಕೆ 1 ರೂಪಾಯಿ ಮಾಸಿಕ ಬಡ್ಡಿಯಲ್ಲಿ 30,000 ಪಡೆದು ಕೈಸಾಲವನ್ನು ಒಮ್ಮೆಗೇ ತೀರಿಸಿದಲ್ಲಿ, ಅದೇ 1,900 ರೂಪಾಯಿ ಕಂತಿನಲ್ಲಿ ಸಂಘದ ಸಾಲ 18 ತಿಂಗಳಿಗೆ ಮುಗಿಯುತ್ತದೆ. ಒಟ್ಟು ಉಳಿತಾಯ 8,000 ರೂಪಾಯಿಗೂ ಮೇಲ್ಪಟ್ಟದ್ದು. ಗೃಹಲಕ್ಷ್ಮಿ ಯೋಜನೆಯಡಿ ಬರುವ ಮಾಸಿಕ 2,000 ರೂಪಾಯಿಯಲ್ಲೇ ಈ ಕಂತು ಅಡಗುತ್ತದೆ ಎಂಬುದನ್ನು ಮಹಿಳಾ ಸದಸ್ಯರು ಸಂಘಗಳ ಗಮನಕ್ಕೆ ತರಬಹುದು. ಹಣ ಜಮೆಯಾಗುವುದು ತಡವಾದ ತಿಂಗಳಿಗೆಂದು ಒಂದು ಕಂತಿನಷ್ಟನ್ನು ಮೊದಲೇ ಬದಿಗಿಡುವುದು ಜಾಣತನ.

ಬೆಳೆಸಾಲದ ವಿಷಯ ಬೇರೆ. ಸಹಕಾರ ಸಂಘಗಳ ಮೂಲಕ 5 ಲಕ್ಷ ರೂಪಾಯಿವರೆಗೆ ಬಡ್ಡಿರಹಿತ ಅಲ್ಪಾವಧಿ ಸಾಲ ದೊರೆಯುತ್ತದೆ, ಆದರೆ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಗಡುವು ಸಮೀಪಿಸಿದಾಗ ರೈತರು ಹತ್ತು ಹದಿನೈದು ದಿನಗಳ ಮಟ್ಟಿಗೆ ಹೊರಗೆ ದುಬಾರಿ ಕೈಸಾಲ ಮಾಡಿ, ಹಳೆಯದನ್ನು ಕಟ್ಟಿ, ಹೊಸದನ್ನು ಎತ್ತಿ, ಕೈಸಾಲ ಹಿಂದಿರುಗಿಸುವುದು ಹಲವೆಡೆ ವಾಡಿಕೆಯಾಗಿದೆ. ಪುಸ್ತಕದಲ್ಲಿ ಸಾಲ ತೀರಿದಂತೆ ಕಾಣುತ್ತದೆ, ಮನೆಯಲ್ಲಿ ತೀರಿರುವುದಿಲ್ಲ. ಇದನ್ನು ಸಾಧನೆಯೆಂದು ಎಣಿಸಲಾಗದು. ಕಳೆದ ಸಾಲಿಗಿಂತ ಈ ಸಾಲಿನಲ್ಲಿ 10,000 ರೂಪಾಯಿ ಕಡಿಮೆ ಎತ್ತಿದ ರೈತನದು ನಿಜವಾದ ಸಾಧನೆ.

ಯಾವುದನ್ನು ಮೈಲಿಗಲ್ಲು ಎಂದು ಕರೆಯಬೇಕು? ಸಂಪೂರ್ಣ ಋಣಮುಕ್ತಿ ಬಹು ದೂರದಲ್ಲಿರುವ ಕುಟುಂಬಗಳಿಗೆ ನಡುವೆ ನಿಲ್ಲಲು ಜಗಲಿಗಳು ಬೇಕು. ಸತತ ಆರು ತಿಂಗಳು ಹೊಸ ಸಾಲ ಮಾಡದಿರುವುದು ಒಂದು. ಅಡವಿಟ್ಟ ಓಲೆಯೋ ಬಳೆಯೋ ಮನೆಗೆ ಮರಳಿದ ದಿನ ಇನ್ನೊಂದು. ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡದು ವಿರಳ. ಹಲವು ಸಾಲಗಳಿದ್ದಾಗ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ಸರಿ. ಆದರೂ ಕೇವಲ ಮೂರು ನಾಲ್ಕು ಸಾವಿರ ಬಾಕಿ ಇರುವ ಚಿಕ್ಕ ಸಾಲವನ್ನು ಮೊದಲು ಮುಗಿಸಿ, ಕೇಳಿ ಬರುವವರಲ್ಲಿ ಒಬ್ಬರನ್ನು ಕಡಿಮೆ ಮಾಡಿಕೊಳ್ಳಲು ಬಯಸುವ ಕುಟುಂಬವನ್ನು ತಪ್ಪೆನ್ನಲಾಗದು. ಆ ನೆಮ್ಮದಿ ಮುಂದಿನ ಕಂತಿಗೆ ಬಲ ಕೊಡುತ್ತದೆ.

ಆಚರಣೆಯ ಸ್ವರೂಪದ ಬಗ್ಗೆ ಎಚ್ಚರ ಅಗತ್ಯ. ಶಾಲು, ಹಾರ, ಬ್ಯಾನರ್, ಅತಿಥಿಗಳ ಭಾಷಣ ಇವು ಸಾಲಮುಕ್ತರಿಗಿಂತ ವೇದಿಕೆಯಲ್ಲಿರುವವರಿಗೇ ಹೆಚ್ಚು ಸಲ್ಲುತ್ತವೆ. ಸಾಲ ತೀರಿದ ಸಂತೋಷಕ್ಕೆ ಊರೂಟ ಹಾಕಿಸಲು ಮತ್ತೆ ಸಾಲ ಮಾಡಿದರೆ ಹೇಳುವುದೇನೂ ಉಳಿಯುವುದಿಲ್ಲ. ಸಂಘದ ವಾರದ ಸಭೆಯಲ್ಲಿ ಆ ಸದಸ್ಯೆಯ ಸಾಲದ ಖಾತೆಯನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಗಟ್ಟಿಯಾಗಿ ಓದಿ, ‘ಬಾಕಿ ಇಲ್ಲ’ ಎಂದು ಅವರ ಕೈಯಿಂದಲೇ ಬರೆಸಿ ಸಹಿ ಹಾಕಿಸಿ, ಎಲ್ಲರಿಗೂ ಬೆಲ್ಲ ಹಂಚಿದರೆ ಸಾಕು. ಬರೆಯಲು ಬಾರದವರಿಗೆ ಮನೆಯ ಮಗಳು ಬರೆದುಕೊಡಲಿ. ಕೇಳಿಸಿಕೊಂಡ ಇತರ ಸದಸ್ಯೆಯರಿಗೆ ಯಾವ ತಿಂಗಳು ಕಷ್ಟವಾಯಿತು, ಹೇಗೆ ದಾಟಿದರು ಎಂಬುದು ತಿಳಿಯುತ್ತದೆ. ಉಪನ್ಯಾಸಕ್ಕಿಂತ ಅದು ಮೇಲು.

ಆ ಕುಟುಂಬದ ಒಪ್ಪಿಗೆಯಿಲ್ಲದೆ ಯಾವುದನ್ನೂ ಮಾಡತಕ್ಕದ್ದಲ್ಲ. ಸಾಲ ತೀರಿಸಿದವರ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿದರೆ, ತೀರಿಸದವರ ಪಟ್ಟಿಯನ್ನೂ ಹಾಕಿದಂತೆಯೇ. ಮಳೆ ಕೈಕೊಟ್ಟ ವರ್ಷ, ಆಸ್ಪತ್ರೆಯ ಖರ್ಚು ಬಂದ ವರ್ಷ ಕಂತು ತಪ್ಪಿದವರು ಆ ಫಲಕದ ಮುಂದೆ ತಲೆತಗ್ಗಿಸಿ ನಡೆಯಬೇಕಾಗುತ್ತದೆ. ಸಾಲದ ಅವಮಾನ ತಾಳದೆ ಊರು ತೊರೆದವರನ್ನೂ ಜೀವ ಕಳೆದುಕೊಂಡವರನ್ನೂ ಈ ರಾಜ್ಯ ಕಂಡಿದೆ. ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ನಂತರ ಅದನ್ನು ಕಾನೂನಾಗಿಸಿದ್ದು ಈ ಹಿನ್ನೆಲೆಯಲ್ಲಿಯೇ. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳಂತೆ ಕಿರುಸಾಲದ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ನಂತರ ಸಾಲಗಾರರನ್ನು ಸಂಪರ್ಕಿಸುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತುಗಳು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ಅವಧಿಗೆ ಮುನ್ನವೇ ಕಿರುಸಾಲ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಕೊನೆಯ ಅಂಶ ತಿಳಿಯದ ಕಾರಣಕ್ಕೇ ಕೈಯಲ್ಲಿ ಹಣವಿದ್ದರೂ ಕಂತನ್ನು ಎಳೆಯುವವರಿದ್ದಾರೆ.

ಇನ್ನು ದಾಖಲೆಗಳು. ಸದಸ್ಯರ ನೆರವು ಹೆಚ್ಚು ಬೇಕಾದದ್ದು ಇಲ್ಲಿ. ಜಮೀನಿನ ಮೇಲೆ ಸಾಲ ಪಡೆದಾಗ ಪಹಣಿಯ 11ನೇ ಕಾಲಂನಲ್ಲಿ ಋಣ ನಮೂದಾಗುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇದಕ್ಕೆ ಬೋಜಾ ಎನ್ನುತ್ತಾರೆ. ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಅಳಿಯುತ್ತದೆಂದು ನಂಬಿ ಕುಳಿತವರ ಪಹಣಿಯಲ್ಲಿ ತಂದೆಯ ಕಾಲದ ಸಾಲ ಇಂದಿಗೂ ಉಳಿದಿರುವುದುಂಟು. ಮಕ್ಕಳು ಪಾಲು ಮಾಡಿಕೊಳ್ಳುವಾಗ ಅಥವಾ ಹೊಸ ಸಾಲಕ್ಕೆ ಅರ್ಜಿ ಹಾಕುವಾಗ ಅದು ಹೊರಬೀಳುತ್ತದೆ. ಅಷ್ಟರಲ್ಲಿ ಸಾಲ ಕೊಟ್ಟ ಶಾಖೆ ಬೇರೆ ಬ್ಯಾಂಕಿನೊಂದಿಗೆ ವಿಲೀನವಾಗಿ, ಹಳೆಯ ಕಡತ ಎಲ್ಲಿದೆ ಎಂದು ಹುಡುಕಬೇಕಾದೀತು. ಆದ್ದರಿಂದ ಕೊನೆಯ ಕಂತು ಕಟ್ಟಿದ ದಿನವೇ ಬೇಬಾಕಿ ಪ್ರಮಾಣಪತ್ರ ಕೇಳಿ ಪಡೆಯಬೇಕು. ಋಣ ಬಿಡುಗಡೆಯ ಪತ್ರ ಕಂದಾಯ ಇಲಾಖೆಗೆ ಹೋಗಿದೆಯೇ ಎಂದು ವಿಚಾರಿಸಬೇಕು. ಕೆಲವು ವಾರಗಳ ನಂತರ ಹೊಸ ಪಹಣಿ ತೆಗೆಸಿ 11ನೇ ಕಾಲಂ ಅನ್ನು ಕಣ್ಣಾರೆ ನೋಡಬೇಕು. ಬೆಲ್ಲ ಹಂಚಲು ತಕ್ಕ ದಿನ ವಾಸ್ತವವಾಗಿ ಇದು.

ಗೃಹಸಾಲ ಮುಂತಾದ ವ್ಯಕ್ತಿಗತ ಸಾಲಗಳಲ್ಲಿ ಅಡವಿಟ್ಟ ಮೂಲ ಪತ್ರಗಳನ್ನು ಪೂರ್ಣ ಮರುಪಾವತಿಯಾದ 30 ದಿನಗಳೊಳಗೆ ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಸಂಸ್ಥೆಯ ಕಾರಣದಿಂದ ವಿಳಂಬವಾದಲ್ಲಿ ದಿನಕ್ಕೆ 5,000 ರೂಪಾಯಿ ಪರಿಹಾರ ನೀಡತಕ್ಕದ್ದು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೇಳಲು ಹೋದವರು ಹಂಗಿನವರಂತೆ ನಿಲ್ಲಬೇಕಾಗಿಲ್ಲ.

ಗುಂಪು ಸಾಲಗಳಲ್ಲಿ ಮತ್ತೊಂದು ತೊಡಕಿದೆ. ಸಾಲ ತೀರಿದ್ದರೂ ಸಾಲ ಮಾಹಿತಿ ಸಂಸ್ಥೆಗಳ ವರದಿಯಲ್ಲಿ ಅದು ಬಾಕಿಯೆಂದೇ ತೋರಬಹುದು. ಮಗನ ಶಿಕ್ಷಣ ಸಾಲ ಅದರಿಂದ ನಿಲ್ಲಬಹುದು. ಸಿಬಿಲ್ ಸೇರಿದಂತೆ ಇಂತಹ ಪ್ರತಿಯೊಂದು ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಗಣಕಯಂತ್ರವಿರುವ ಅರಿವು ಕೇಂದ್ರಗಳಲ್ಲಿ ಇದನ್ನು ತೆಗೆದುಕೊಡಬಹುದು. ಮೊಬೈಲಿಗೆ ಬರುವ ಒಟಿಪಿಯನ್ನು ಸಂಬಂಧಪಟ್ಟವರು ತಾವೇ ನಮೂದಿಸಲಿ. ನೆರವಾಗುವ ಸದಸ್ಯರು ಸಹ ಅದನ್ನು ಕೇಳತಕ್ಕದ್ದಲ್ಲ. ವರದಿಯಲ್ಲಿ ತಪ್ಪಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಸಮರ್ಪಕ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಗೆ ದೂರು ನೀಡಬಹುದು. ಮಾಹಿತಿಗೆ ದೂರವಾಣಿ ಸಂಖ್ಯೆ 14448.

ಮುಂದಿನ ಮಹಿಳಾ ಗ್ರಾಮಸಭೆಗೆ ಮುನ್ನ ಸದಸ್ಯರು ತಮ್ಮ ವಾರ್ಡಿನ ಸಂಘಗಳ ಪುಸ್ತಕ ಬರಹಗಾರರೊಂದಿಗೆ ಒಮ್ಮೆ ಕುಳಿತು, ಯಾರ ಹೆಸರನ್ನೂ ಕೇಳದೆ, ಕಳೆದ ಒಂದು ವರ್ಷದಲ್ಲಿ ಎಷ್ಟು ಸಾಲಗಳು ಪೂರ್ಣ ತೀರಿವೆ, ಅವುಗಳಲ್ಲಿ ಎಷ್ಟಕ್ಕೆ ಬೇಬಾಕಿ ಪತ್ರ ಕೈಸೇರಿದೆ ಎಂಬ ಎರಡು ಸಂಖ್ಯೆಗಳನ್ನಷ್ಟೇ ಬರೆದುಕೊಳ್ಳಲಿ. ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ, ಪತ್ರ ಪಡೆಯದವರನ್ನು ಬ್ಯಾಂಕ್ ಸಖಿಯೊಂದಿಗೆ ಶಾಖೆಗೆ ಕಳುಹಿಸುವ ದಿನಾಂಕವನ್ನು ಅಲ್ಲಿಯೇ ಗೊತ್ತುಪಡಿಸಬಹುದು.